ಐದನೇ ತಂತಿ

ಮೀಟರ್ ನಾಲ್ಕು ಸಲ ಕೀಂ ಎಂದಿತು. ಐದನೇ ಸಲ ಉಸಿರೆತ್ತಲಿಲ್ಲ.

ಸೋಲ್ಡರಪ್ಪ ತಂತಿ ಪರೀಕ್ಷಿಸುವ ಮೀಟರಿನ ಕಡ್ಡಿಯನ್ನು ಅಂಗಿಯ ಚುಂಗಿಗೆ ಒರೆಸಿ ಮತ್ತೆ ಅದೇ ಐದನೇ ತಂತಿಯ ತುದಿಗೆ ಮುಟ್ಟಿಸಿದ. ಊಹೂಂ. ಆರನೆಯದು ಕೀಂ, ಏಳನೆಯದು ಕೀಂ, ಎಂಟನೆಯದೂ ಕೀಂ. ಏಳು ಜನ ಹಾಜರು, ಒಬ್ಬ ಗೈರುಹಾಜರು.

"ಐದನೇದು ಸತ್ತಿದೆ ಮೇಡಂ," ಎಂದ. ಹೇಳಿದ ಮೇಲೆ ತಲೆ ಎತ್ತಲಿಲ್ಲ.

ಅವನ ಮನೆಯ ರಿಪೇರಿ ಕೋಣೆಯಲ್ಲಿ, ಎದುರಿನ ಸ್ಟೂಲಿನ ಮೇಲಿದ್ದ ಇನ್ಸ್‌ಪೆಕ್ಟರಮ್ಮ ಸುಮ್ಮನೆ ನೋಡುತ್ತಿದ್ದರು. ನಿವೃತ್ತಿಯಾಗಿ ಆರು ತಿಂಗಳಾಗಿದ್ದರೂ ಕೂರುವ ಠೀವಿ ಮಾತ್ರ ಠಾಣೆಯದೇ. ಹನ್ನೊಂದು ವರ್ಷದ ಹಿಂದೆ ಗಿರಣಿಯ ಯಜಮಾನರು ಸತ್ತಾಗ, ಅವರಿಗೆ ದಿನಾ ಔಷಧಿ ಕೊಡುತ್ತಿದ್ದ ಕಾಂಪೌಂಡರಮ್ಮನಿಗೆ ಕೈಕೋಳ ಹಾಕಿದವರು ಇವರೇ. ಈಗ ಅದೇ ಹೆಂಗಸನ್ನು ಜೈಲಿನಿಂದ ಬಿಡಿಸಬೇಕೆಂದು ಚಪ್ಪಲಿ ಸವೆಸುತ್ತಿರುವವರೂ ಇವರೇ. ಸೋಮವಾರ ಕೋರ್ಟಿನಲ್ಲಿ ಕೊನೆಯ ಅರ್ಜಿ. ಇವತ್ತು ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ.

ಅವರು ಲ್ಯಾಬಿನ ಮೂಲೆಯಿಂದ ಹುಡುಕಿ ತಂದು ಮೇಜಿನ ಮೇಲೆ ಹಾಕಿದ್ದ ಕೇಬಲ್ ಸೋಲ್ಡರಪ್ಪನದೇ ಸೃಷ್ಟಿ. ಎರಡು ತುದಿಗೂ ಅಗಲವಾದ ಪ್ಲಗ್ಗು, ನಡುವೆ ಒಂದು ಪ್ಲಾಸ್ಟಿಕ್ ಸಾಬೂನು ಪೆಟ್ಟಿಗೆ. ಆಗ ಅವನು ಸರ್ಕಾರಿ ಲ್ಯಾಬಿನಲ್ಲಿ ಯಂತ್ರ ರಿಪೇರಿ ಮಾಡುವ ಹಂಗಾಮಿ ನೌಕರ. ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ಅಳೆಯುವ ಹಳೇ ಯಂತ್ರ ಒಂದಿತ್ತು. ಅದರ ಪ್ರಿಂಟರ್ ಕೈಕೊಟ್ಟಾಗ ಯಂತ್ರ ಮಾಡಿದ ಕಂಪನಿಯೇ ಮುಚ್ಚಿಹೋಗಿತ್ತು. ಆಗ ಸೋಲ್ಡರಪ್ಪ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಹಳೇ ಕಂಪ್ಯೂಟರನ್ನು ಎಳೆತಂದು, ಅದಕ್ಕೆ ಪ್ರಿಂಟರ್ ಸಿಕ್ಕಿಸುವ ಕಿಂಡಿಯಲ್ಲೇ ಯಂತ್ರದ ಅಂಕಿಗಳನ್ನು ಒಳಕ್ಕೆ ನುಗ್ಗಿಸಿದ್ದ. ಆಚೆ ಕಳಿಸಲು ಮಾಡಿದ ಬಾಗಿಲಿನಿಂದ ಒಳಗೆ ಕರೆದುಕೊಂಡ ಹಾಗೆ. ಇಡೀ ಲ್ಯಾಬು ಭಲೇ ಎಂದಿತ್ತು. ಸೋಲ್ಡರ್ ಹಾಕಿ ತಂತಿ ಬೆಸೆಯುವ ಅವನಿಗೆ ಸೋಲ್ಡರಪ್ಪ ಎಂಬ ಹೆಸರು ಬಿದ್ದದ್ದೂ ಆಗಲೇ.

"ನನಗೆ ಕರೆಂಟು ಅಂದ್ರೆ ತಲೆಬುಡ ಗೊತ್ತಾಗಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಮಗುವಿಗೆ ಹೇಳೋ ಹಾಗೆ ಹೇಳಿ. ಒಂದು ತಂತಿ ಸತ್ತರೆ ಏನಾಗುತ್ತೆ?"

ಸೋಲ್ಡರಪ್ಪ ಹೊರಗೆ ನೋಡಿದ. ಕಿಟಕಿಯಾಚೆ ಅವರ ಕಾರು ನಿಂತಿತ್ತು. ಒಳಗೆ ಅವರ ಗಂಡ ಪೇಪರ್ ಬಿಡಿಸಿಕೊಂಡು ಕೂತಿದ್ದರು. ಅದೇ ಗಿರಣಿಯಲ್ಲಿ ಮೂವತ್ತು ವರ್ಷ ಕರೆಂಟಿನ ಕೆಲಸ ನೋಡಿಕೊಂಡಿದ್ದ ಮನುಷ್ಯ. ಒಳಗೆ ಬನ್ನಿ ಸಾರ್ ಎಂದು ಕರೆದರೆ, "ನಿಮ್ಮ ತಂತಿ ಪುರಾಣ ನನಗ್ಯಾಕಪ್ಪ" ಎಂದು ನಕ್ಕು ಕೈ ಬೀಸಿದ್ದರು.

"ಎಂಟು ತಂತಿ ಮೇಡಂ, ಒಟ್ಟಿಗೆ ಅಕ್ಕಪಕ್ಕ ಓಡ್ತವೆ. ಒಂದೊಂದಕ್ಕೂ ಒಂದೊಂದು ಬೆಲೆ. ಮೊದಲನೇದಕ್ಕೆ ಒಂದು, ಎರಡನೇದಕ್ಕೆ ಎರಡು, ಆಮೇಲೆ ನಾಲ್ಕು, ಎಂಟು, ಹದಿನಾರು. ಹಿಂಗೇ ದುಪ್ಪಟ್ಟಾಗ್ತಾ ಹೋಗುತ್ತೆ. ಯಾವ್ಯಾವ ತಂತಿ 'ಇದ್ದೀನಿ' ಅನ್ನುತ್ತೋ ಅದರ ಬೆಲೆ ಎಲ್ಲಾ ಕೂಡಿದರೆ ಅಂಕಿ."

"ಐದನೇದರ ಬೆಲೆ ಹದಿನಾರು."

"ಹೌದು."

"ಅದು ಸತ್ತರೆ ಹದಿನಾರು ಕಮ್ಮಿ ಬರಬೇಕಲ್ವಾ?"

"ಅಲ್ಲೇ ಇರೋದು ತರಲೆ. ತಂತಿ ಕಡಿದು ಹೋದರೆ ಈ ಕಂಪ್ಯೂಟರು ಅದು 'ಇದೆ' ಅಂತಲೇ ಹಿಡ್ಕೊಳ್ಳುತ್ತೆ. ಇಲ್ಲದೇ ಇದ್ದಾಗಲೂ ಹದಿನಾರು ಸೇರಿಸುತ್ತೆ. ನಿಜವಾದ ಅಂಕಿಲಿ ಹದಿನಾರು ಮೊದಲೇ ಸೇರಿದ್ದರೆ ಏನೂ ವ್ಯತ್ಯಾಸ ಇಲ್ಲ, ಸರಿಯಾಗೇ ತೋರಿಸುತ್ತೆ. ಸೇರಿಲ್ಲದಿದ್ದರೆ ಮಾತ್ರ ಹದಿನಾರು ಜಾಸ್ತಿ."

"ಅಂದರೆ ಅರ್ಧ ಸಲ ನಿಜ ಹೇಳುತ್ತೆ, ಅರ್ಧ ಸಲ ಸುಳ್ಳು."

"ಹೌದು ಮೇಡಂ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ."

ಇನ್ಸ್‌ಪೆಕ್ಟರಮ್ಮ ಚೀಲದಿಂದ ಹಳದಿಗಟ್ಟಿದ ಹಾಳೆಗಳ ಕಟ್ಟು ತೆಗೆದರು. ಲ್ಯಾಬಿನ ಆ ವರ್ಷದ ಪ್ರಿಂಟುಗಳು. ಪ್ರತಿ ಅಂಕಿಯ ಪಕ್ಕದಲ್ಲೂ ಕೆಂಪು ಪೆನ್ಸಿಲಿನ ಗೀಟು. ಒಬ್ಬರೇ ಕೂತು ಸಾವಿರಾರು ಅಂಕಿ ನೋಡಿದ್ದರು, ಪುಣ್ಯಾತ್ಗಿತ್ತಿ.

"ಆ ಬುಧವಾರ ಸಾಯಂಕಾಲದವರೆಗೂ ಎಲ್ಲ ಥರದ ಅಂಕಿ ಇದೆ. ಒಂಬತ್ತು, ಮೂವತ್ತಾರು, ನಲವತ್ತೊಂದು. ಗುರುವಾರ ಬೆಳಿಗ್ಗೆಯಿಂದ ನೋಡಿ. ಹದಿನಾರಕ್ಕಿಂತ ಕಮ್ಮಿ ಒಂದೂ ಇಲ್ಲ. ಮೂವತ್ತೆರಡರಿಂದ ನಲವತ್ತೇಳರವರೆಗೆ ಒಂದೇ ಒಂದು ಅಂಕಿ ಇಲ್ಲ. ಎರಡು ತಿಂಗಳು, ಆ ಯಂತ್ರ ಮೂಲೆ ಸೇರೋವರೆಗೂ ಇಲ್ಲ."

ಗಿರಣಿ ಯಜಮಾನರ ರಕ್ತ ಅಳೆದದ್ದು ಅದೇ ಗುರುವಾರ. ಬಂದ ಅಂಕಿ ಐವತ್ತನಾಲ್ಕು. ಐವತ್ತು ದಾಟಿದರೆ ಆ ಔಷಧಿ ವಿಷ.

"ಐವತ್ತನಾಲ್ಕರಲ್ಲಿ ಹದಿನಾರು ಕಳೀರಿ," ಎಂದರು ಇನ್ಸ್‌ಪೆಕ್ಟರಮ್ಮ.

ಮೂವತ್ತೆಂಟು. ವೈದ್ಯರು ಬರೆದುಕೊಟ್ಟ ಲೆಕ್ಕದಲ್ಲಿ ಔಷಧಿ ತೆಗೆದುಕೊಳ್ಳುವ ಯಾವ ರೋಗಿಗಾದರೂ ಬರುವ ಅಂಕಿ. ನಿಜವಾದ ಅಂಕಿ ಅದೇ ಆಗಿದ್ದರೆ ಯಜಮಾನರು ಬೇರೆ ಏನಾಗಿಯೋ ಸತ್ತಿರಬೇಕು, ಕಾಂಪೌಂಡರಮ್ಮನ ಕೈಯಿಂದ ಅಲ್ಲ.

ಸೋಲ್ಡರಪ್ಪ ಸಾಬೂನು ಪೆಟ್ಟಿಗೆಯನ್ನು ಸುಮ್ಮನೆ ಅತ್ತಿತ್ತ ತಿರುಗಿಸಿದ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಬಿಗಿದ ಮೇಲೆ ಸ್ಕ್ರೂ ತಲೆಗೆ ಉಗುರು ಬಣ್ಣ ಹಚ್ಚುವುದು ಅವನ ಪದ್ಧತಿ. ಬೇರೆ ಯಾರಾದರೂ ಬಿಚ್ಚಿದರೆ ಬಣ್ಣ ಒಡೆದು ಗೊತ್ತಾಗುತ್ತದೆ. ಬಣ್ಣ ಅವನ ಜೊತೆಗೇ ಇರುವ ಅಕ್ಕನ ಡಬ್ಬಿಯದು, ಕಡು ಕೆಂಪು.

ನಾಲ್ಕು ಸ್ಕ್ರೂಗಳ ಮೇಲೂ ಕೆಂಪು ಒಡೆದಿತ್ತು. ಒಡೆದದ್ದರ ಮೇಲೆ ಮತ್ತೊಂದು ಪದರ ಇತ್ತು. ಅದು ನೇರಳೆ ಬಣ್ಣ.

ನೇರಳೆಯನ್ನು ಅವನು ಎಲ್ಲಿ ಬೇಕಾದರೂ ಗುರುತಿಸಬಲ್ಲ. ಆ ವರ್ಷ ಕೆಂಪು ಮುಗಿದ ಮೇಲೆ ಅಕ್ಕ ಕೊಂಡದ್ದು ಅದನ್ನೇ. ಇವತ್ತಿಗೂ ಅವಳು ಅದನ್ನು ಬಿಟ್ಟು ಬೇರೆ ಬಣ್ಣ ಹಚ್ಚಿದವಳಲ್ಲ.

ಸ್ಕ್ರೂ ಬಿಚ್ಚಿದ. ಮುಚ್ಚಳದ ಒಳಗೆ ಅವನದೇ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿತ್ತು: ಯಾವ ತಂತಿಯ ಬೆಲೆ ಎಷ್ಟು ಎಂಬ ಪಟ್ಟಿ. ಮುಂದೆ ಬರುವವರಿಗೆ ಸುಲಭವಾಗಲಿ ಎಂದು ದೊಡ್ಡ ಮನಸ್ಸಿನಿಂದ ಅಂಟಿಸಿದ್ದು. ಒಳ್ಳೆ ಉಪಕಾರ ಮಾಡಿದ್ದ.

ಐದನೇ ತಂತಿಯ ಬೆಸುಗೆ ಗಟ್ಟಿಯಾಗಿಯೇ ಇತ್ತು. ಬೆಸುಗೆಯಿಂದ ಒಂದು ಬೆರಳಗಲ ಆಚೆಗೆ ತಂತಿಯನ್ನು ಯಾರೋ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿದ್ದರು.

"ಅಂದರೆ ನಿಮ್ಮ ಕೆಲಸ ಕೆಟ್ಟಿರಲಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ.

ಹೌದು ಎಂದು ಅವನ ಮನಸ್ಸು ಒಂದು ಗಳಿಗೆ ಕುಣಿಯಿತು. ನನ್ನ ಬೆಸುಗೆ ಅಲ್ಲ, ನನ್ನ ತಪ್ಪಲ್ಲ! ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಬ್ಬ ಹೆಂಗಸಿನ ಹನ್ನೊಂದು ವರ್ಷ ಮಣ್ಣುಪಾಲಾದ ಜಾಗದಲ್ಲಿ ಕೂತು ತನ್ನ ಬೆಸುಗೆ ಚೆನ್ನಾಗಿತ್ತೆಂದು ಹಿಗ್ಗುತ್ತಿದ್ದೇನಲ್ಲ ಎಂದುಕೊಂಡ.

"ಈಗ ಇದನ್ನ ನೋಡಿ." ಇನ್ಸ್‌ಪೆಕ್ಟರಮ್ಮ ಕೊನೆಯ ಹಾಳೆಯನ್ನು ಅವನ ಮುಂದಿಟ್ಟರು.

ಲ್ಯಾಬಿನ ಪರೀಕ್ಷಾ ಪುಸ್ತಕದ ಪುಟ. ಪೊಲೀಸ್ ಕೇಸಿನ ರಕ್ತ ಇದ್ದ ದಿನ, ಅಳೆಯುವ ಮೊದಲು ಯಂತ್ರಕ್ಕೆ ಮೂರು ಬಾಟಲಿ ದ್ರಾವಣ ಹಾಕಿ ನೋಡಬೇಕೆಂಬುದು ನಿಯಮ. ಒಂದು ಬಾಟಲಿ ಇಪ್ಪತ್ತು ತೋರಿಸಬೇಕು, ಒಂದು ಐವತ್ತು, ಒಂದು ನೂರು. ಗುರುವಾರದ ಸಾಲಿನಲ್ಲಿ ಮೂರೂ ಸರಿ ಎಂದಿತ್ತು. ಕೆಳಗೆ ಸೋಲ್ಡರಪ್ಪನ ಸಹಿ.

"ಇಪ್ಪತ್ತರಲ್ಲಿ ಹದಿನಾರು ಇದೆ. ಐವತ್ತರಲ್ಲೂ ಇದೆ. ಅವೆರಡೂ ಸರಿಯಾಗೇ ಬಂದಿರುತ್ತೆ, ಒಪ್ಪಿದೆ. ನೂರರಲ್ಲಿ ಹದಿನಾರು ಸೇರಲ್ಲ, ನಾನು ಮೂರು ಸಲ ಕೂಡಿ ನೋಡಿದೀನಿ. ತಂತಿ ಕಡಿದಿದ್ದರೆ ನೂರಹದಿನಾರು ಬರಬೇಕಿತ್ತು." ಅವರು ಬೆರಳನ್ನು ಸಹಿಯ ಮೇಲಿಟ್ಟರು. "ನೀವು ನೂರು ಅಂತ ಬರೆದಿದ್ದೀರಿ."

ಸೋಲ್ಡರಪ್ಪ ಕಣ್ಣು ಆಚೆ ಹೊರಳಿಸಿದ. ಗೋಡೆಯ ಉದ್ದಕ್ಕೂ ಆಸ್ಪತ್ರೆಗಳಿಂದ ರಿಪೇರಿಗೆ ಬಂದ ತಕ್ಕಡಿಗಳು, ಬಿ.ಪಿ. ಯಂತ್ರಗಳು ಸಾಲಾಗಿ ಕೂತಿದ್ದವು. ಸೋಲ್ಡರಪ್ಪ ಸರಿ ಎಂದರೆ ಸರಿ ಎಂದು ನಂಬಿ ಕಳಿಸಿದವು.

"ಹಾಕಲಿಲ್ಲ ಮೇಡಂ," ಎಂದ. ದನಿ ಅವನಿಗೇ ಕೇಳಿಸಲಿಲ್ಲ.

"ಜೋರಾಗಿ ಹೇಳಿ."

"ಮೂರನೇ ಬಾಟಲಿ ಹಾಕಲಿಲ್ಲ. ಎರಡೇ ನೋಡಿದ್ದು. ಮೂರು ಅಂತ ಬರೆದು ಸಹಿ ಹಾಕಿದೆ."

"ಯಾಕೆ?"

"ಬಾಟಲಿ ಮುಗಿದಿತ್ತು. ಎರಡು ಸರಿ ಬಂದಮೇಲೆ ಮೂರನೇದು ಎಲ್ಲಿಗೆ ಹೋಗುತ್ತೆ ಅಂತ… ಆ ತಿಂಗಳು ನನ್ನ ಕೆಲಸ ಖಾಯಂ ಆಗೋದಿತ್ತು. ಕೆಲಸ ನಿಲ್ಲಿಸಿ ತಕರಾರು ಮಾಡಿದ ಅನ್ನಿಸ್ಕೊಳ್ಳೋಕೆ ಮನಸ್ಸಾಗಲಿಲ್ಲ."

ಇಷ್ಟು ಹೇಳುವಷ್ಟರಲ್ಲಿ ಕಿವಿಯ ತುದಿಯವರೆಗೂ ಬಿಸಿ ಏರಿತ್ತು. ಅಂದು ಕೋರ್ಟಿನಲ್ಲಿ ಕಾಂಪೌಂಡರಮ್ಮ ಕಟಕಟೆಯಲ್ಲಿ ನಿಂತು, "ನಾನು ಅಳತೆ ತಪ್ಪಿಲ್ಲ ಸ್ವಾಮಿ, ನಿಮ್ಮ ಯಂತ್ರ ತಪ್ಪಿರಬಹುದು ನೋಡಿ" ಎಂದಿದ್ದಳು. ವಕೀಲರು ಸೋಲ್ಡರಪ್ಪನ ಕಡೆ ತಿರುಗಿ, ಮೂರು ಬಾಟಲಿ ನೋಡಿದಿರಾ ಎಂದು ಕೇಳಿದ್ದರು. ನೋಡಿದೆ ಎಂದಿದ್ದ. ಅವಳು ಆಮೇಲೆ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಬೈಯಲಿಲ್ಲ, ಶಪಿಸಲಿಲ್ಲ. ಇವನು ನೋಡಿದ್ದಾನಂತೆ, ಹಾಗಾದರೆ ನಾನೇ ತಪ್ಪಿದೆನೇನೋ ಎಂಬ ಅನುಮಾನ ಅವಳ ಕಣ್ಣಲ್ಲಿ ಕಂಡಿತ್ತು. ಅದನ್ನು ನೆನೆದರೆ ಇವತ್ತಿಗೂ ಊಟ ಗಂಟಲಲ್ಲಿ ಇಳಿಯುವುದಿಲ್ಲ.

"ಸೋಮವಾರ ಕೋರ್ಟಿಗೆ ಬಂದು ಇದನ್ನೇ ಹೇಳ್ತೀರಾ?"

ಹೇಳಿದರೆ ಸುಳ್ಳುಸಾಕ್ಷಿ ಎಂದು ಹಿಡಿದು ಕೂರಿಸಬಹುದು. ಗೋಡೆಯ ಪಕ್ಕದ ತಕ್ಕಡಿಗಳೆಲ್ಲ ಸಂಜೆಯೊಳಗೆ ವಾಪಸು ಹೋಗಬಹುದು. ಆದರೂ ಅವನಿಗೆ ಅದು ದೊಡ್ಡದೆನ್ನಿಸಲಿಲ್ಲ.

"ಹೇಳ್ತೀನಿ ಮೇಡಂ."

"ಸಂತೋಷ. ಆದರೆ ಅರ್ಧ ಹೇಳಿ ಅರ್ಧ ನುಂಗಬೇಡಿ." ಅವರು ಇನ್ನೊಂದು ಚೀಟಿ ತೆಗೆದರು. "ಸ್ಟೋರಿನ ಪಟ್ಟಿ ಇದು. ಆ ಗುರುವಾರ ನೂರರ ಬಾಟಲಿ ಎರಡಿತ್ತು. ಮುಗಿದಿದೆ ಅಂತ ನಿಮಗೆ ಯಾರು ಹೇಳಿದ್ದು?"

ಅವನು ಬಿಚ್ಚಿದ ಸ್ಕ್ರೂಗಳನ್ನು ಒಟ್ಟುಗೂಡಿಸತೊಡಗಿದ.

"ಈ ಸ್ಕ್ರೂ ನೋಡಿ ನಿಮ್ಮ ಮುಖ ಬಿಳಿಚಿಕೊಂಡಿತಲ್ಲ, ಅದು ಯಾಕೆ?"

"ಏನಿಲ್ಲ ಮೇಡಂ. ಸೆಕೆ."

"ನನಗೆ ಕರೆಂಟು ಗೊತ್ತಿಲ್ಲ ಅಂದೆ. ಮುಖ ನೋಡೋಕೆ ಬರಲ್ಲ ಅಂದೆನಾ?"

ಒಳಬಾಗಿಲಿನ ಪರದೆ ಸರಿಯಿತು. ಅಕ್ಕ ತಟ್ಟೆಯಲ್ಲಿ ಎರಡು ಲೋಟ ಟೀ ಹಿಡಿದು ಬಂದಳು. ಅರವತ್ತೆರಡರ ಹೆಂಗಸು, ಅದೇ ಲ್ಯಾಬಿನ ಸ್ಟೋರಿನಲ್ಲಿ ಇಪ್ಪತ್ತೈದು ವರ್ಷ ಕೀಲಿಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು. ತಾಯಿ ಹೋದಾಗ ಸೋಲ್ಡರಪ್ಪನಿಗೆ ಆರು ವರ್ಷ. ಅಂದಿನಿಂದ ಅವನಿಗೆ ತಲೆ ಬಾಚಿ, ಬೈದು, ಓದಿಸಿ, ಕೆಲಸಕ್ಕೆ ಹಚ್ಚಿದವಳು ಇವಳೇ. ಐವತ್ತು ಮುಟ್ಟಿದ ಅವನನ್ನು ಇವತ್ತಿಗೂ ಪುಟ್ಟ ಎಂದೇ ಕರೆಯುತ್ತಾಳೆ.

ತಟ್ಟೆಯ ಅಂಚು ಹಿಡಿದಿದ್ದ ಹತ್ತು ಉಗುರೂ ನೇರಳೆ.

ಇನ್ಸ್‌ಪೆಕ್ಟರಮ್ಮ ಉಗುರು ನೋಡಿದರು. ಸ್ಕ್ರೂ ನೋಡಿದರು. ಸೋಲ್ಡರಪ್ಪ ಕೇಬಲ್ಲಿನ ಮೇಲೆ ಅಂಗೈ ಮುಚ್ಚಿದ, ಬಹಳ ತಡವಾಗಿ.

"ಬಿಡೋ ಪುಟ್ಟ," ಎಂದಳು ಅಕ್ಕ. "ಪರದೆ ಹಿಂದೆ ನಿಂತು ಎಲ್ಲಾ ಕೇಳಿಸ್ಕೊಂಡೆ. ಬಾಟಲಿ ಮುಗಿದಿದೆ ಅಂದವಳು ನಾನೇ ಅಮ್ಮ. ಇವನು ನನ್ನ ಹೆಸರು ಹೇಳಲ್ಲ. ಹಠಮಾರಿ."

"ಅಕ್ಕ, ನೀನು ಒಳಗೆ ಹೋಗು."

"ಎಷ್ಟು ವರ್ಷ ಒಳಗೇ ಇರಲಿ?" ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಟೀ ತುಳುಕಿತು.

"ಸ್ಕ್ರೂ ಮೇಲಿನ ಬಣ್ಣವೂ ನಿಮ್ಮದಾ?" ಇನ್ಸ್‌ಪೆಕ್ಟರಮ್ಮ ಮೆತ್ತಗೆ ಕೇಳಿದರು.

"ನಂದೇ. ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದೆ, ಒಂಬತ್ತು ಇನ್ನೂ ಆಗಿರಲಿಲ್ಲ. ಈ ಪೆಟ್ಟಿಗೆ ಬಾಯಿ ತೆಗೆದು ಬಿದ್ದಿತ್ತು. ಒಳಗೆ ಒಂದು ತಂತಿ ತುಂಡಾಗಿತ್ತು. ಪಕ್ಕದಲ್ಲೇ ಇವನ ಟೂಲ್ಸ್ ಡಬ್ಬಿ, ಬ್ಲೇಡು. ನಾನು ಮೂರೂ ಬಾಟಲಿ ಹಾಕಿ ನೋಡಿದೆ. ಇಪ್ಪತ್ತು ಸರಿ ಬಂತು, ಐವತ್ತು ಸರಿ ಬಂತು, ನೂರಕ್ಕೆ ನೂರಹದಿನಾರು ಬಂತು."

"ಆಗ ಯಾಕೆ ಹೇಳಲಿಲ್ಲ?"

ಅಕ್ಕ ತಮ್ಮನ ಕಡೆ ನೋಡದೆ ಹೇಳಿದಳು. "ಇವನೇ ಕೆಡಿಸಿದ್ದಾನೆ ಅಂದ್ಕೊಂಡೆ ಅಮ್ಮ. ಏನೋ ಸರಿಮಾಡೋಕೆ ಹೋಗಿ ಕೈತಪ್ಪಿ ಕೊಯ್ದಿದ್ದಾನೆ, ಹೆದರಿ ಬಿಟ್ಟುಹೋಗಿದ್ದಾನೆ ಅಂತ. ಖಾಯಂ ಆಗೋ ತಿಂಗಳು. ಗೊತ್ತಾದರೆ ಕಿತ್ತು ಹಾಕ್ತಾರೆ. ಮುಚ್ಚಿ ಬಣ್ಣ ಹಚ್ಚಿದೆ. ಬಾಟಲಿ ಬಚ್ಚಿಟ್ಟೆ. ಸಂಜೆ ಇವನನ್ನ ಪಕ್ಕಕ್ಕೆ ಕರೆದು ಸರಿಮಾಡಿಸೋಣ ಅಂತಲೇ ಇದ್ದೆ. ಮಧ್ಯಾಹ್ನಕ್ಕೆ ಐವತ್ತನಾಲ್ಕು ಬಂತು. ನೀವು ಕಾಗದ ತಗೊಂಡು ಹೋದಿರಿ. ಆಮೇಲೆ ಬಾಯೇ ಬರಲಿಲ್ಲ."

ಸೋಲ್ಡರಪ್ಪನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಐದು ನಿಮಿಷದ ಹಿಂದೆ ಅವನು ತಂತಿ ಕತ್ತರಿಸಿದವಳು ಅಕ್ಕನೇ ಎಂದುಕೊಂಡಿದ್ದ. ಅಕ್ಕ ಹನ್ನೊಂದು ವರ್ಷದಿಂದ ಅವನನ್ನು ಹೇಡಿ ಎಂದುಕೊಂಡಿದ್ದಳು. ಹಾಗಂದುಕೊಂಡೇ ದಿನಾ ಅನ್ನ ಬಡಿಸಿದ್ದಳು, ಜ್ವರ ಬಂದಾಗ ಹಣೆ ಒರೆಸಿದ್ದಳು. ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು.

"ನಾನು ಕತ್ತರಿಸಲಿಲ್ಲ ಅಕ್ಕ."

"ಈಗ ಗೊತ್ತಾಯ್ತಲ್ಲೋ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಹೆಂಗಸಿನ ಕಾಲಿಗೆ ಬಿದ್ದರೂ ತೀರಲ್ಲ. ನಾನೂ ಬರ್ತೀನಮ್ಮ ಕೋರ್ಟಿಗೆ."

"ಬನ್ನಿ," ಎಂದರು ಇನ್ಸ್‌ಪೆಕ್ಟರಮ್ಮ. ಟೀ ಲೋಟ ಕೈಗೆತ್ತಿಕೊಂಡರು. "ನಿಮ್ಮಿಬ್ಬರನ್ನ ಬೈಯೋಕೆ ನನಗೆ ಯಾವ ಯೋಗ್ಯತೆಯೂ ಇಲ್ಲ. ಯಂತ್ರ ತಪ್ಪಿರಬಹುದು ಅಂತ ಅವಳು ಠಾಣೆಲೂ ಹೇಳಿದ್ದಳು. ನಾನು ನಕ್ಕಿದ್ದೆ." ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಕತ್ತರಿಸಿದವನಿಗೆ ಆ ಚೀಟಿ ಓದೋಕೆ ಬರ್ತಿತ್ತು. ಯಾವ ತಂತಿ ಕೊಯ್ದರೆ ಎಷ್ಟು ಏರುತ್ತೆ ಅಂತ ಗೊತ್ತಿತ್ತು. ಗಿರಣಿ ಯಜಮಾನರು ನಿಜವಾಗಿ ಹೇಗೆ ಸತ್ತರು ಅನ್ನೋದು ಮುಚ್ಚಿಹೋಗಲಿ ಅಂತಲೇ ಕೊಯ್ದಿದ್ದಾನೆ. ನಿಮ್ಮ ಬ್ಲೇಡೇ ಉಪಯೋಗಿಸಿದ್ದಾನೆ. ಟೂಲ್ಸ್ ಡಬ್ಬಿ ಬುಧವಾರ ಸಾಯಂಕಾಲ ಅಲ್ಲೇ ಮರೆತು ಹೋಗಿದ್ದಿರಾ?"

"ಇಲ್ಲ ಮೇಡಂ," ಎಂದ ಸೋಲ್ಡರಪ್ಪ. "ಬುಧವಾರ ಸಾಯಂಕಾಲ ಡಬ್ಬಿ ಲ್ಯಾಬಲ್ಲಿ ಇರಲೇ ಇಲ್ಲ. ಒಬ್ಬರು ಇಸ್ಕೊಂಡು ಹೋ…"

ಆ ಬುಧವಾರದ ಸಂಜೆ ಅವನಿಗೆ ಇದ್ದಕ್ಕಿದ್ದ ಹಾಗೆ ಪೂರಾ ನೆನಪಾಯಿತು. ಲ್ಯಾಬಿನ ಅಂಗಳ, ದೀಪ ಕೆಟ್ಟ ಸ್ಕೂಟರು, ಹೆಂಡತಿಯನ್ನು ಮನೆಗೆ ಕರೆದೊಯ್ಯಲು ಬಂದ ಗಂಡ. ರಕ್ತದ ಸೀಸೆ ಒಪ್ಪಿಸಿ ಆಗಷ್ಟೇ ಹೊರಬಂದ ಸಬ್ ಇನ್ಸ್‌ಪೆಕ್ಟರಮ್ಮ.

"ಯಾರು?" ಎಂದರು ಇನ್ಸ್‌ಪೆಕ್ಟರಮ್ಮ.

ಹನ್ನೊಂದು ವರ್ಷದ ಹಿಂದೆಯೂ ಹೀಗೇ ಒಂದು ಪ್ರಶ್ನೆ ಬಂದಿತ್ತು. ಆಗ ಸುಳ್ಳು ಹೇಳಿ ಬಚಾವಾಗಿದ್ದ. ಈಗ ಅವನು ಅಕ್ಕನ ಕಡೆ ನೋಡಿದ. ಅಕ್ಕ ಹೇಳು ಎಂಬಂತೆ ತಲೆಯಾಡಿಸಿದಳು.

"ಮೇಡಂ, ನಿಮಗೆ ನೆನಪಿರಬೇಕು. ನಿಮ್ಮ ಸ್ಕೂಟರಿನ ದೀಪ ಹೊತ್ತುತಾ ಇರಲಿಲ್ಲ. 'ಡಬ್ಬಿ ಕೊಟ್ಟಿರಪ್ಪ, ಬೆಳಿಗ್ಗೆ ಕಸ ಗುಡಿಸೋ ಹೊತ್ತಿಗೆ ತಂದಿಟ್ಟು ಹೋಗ್ತೀನಿ' ಅಂದರು." ಅವನು ಕೈಯೆತ್ತಿ ತೋರಿಸಲಿಲ್ಲ. ಕಣ್ಣು ಮಾತ್ರ ಕಿಟಕಿಯ ಕಡೆ ಹೋಯಿತು.

ಇನ್ಸ್‌ಪೆಕ್ಟರಮ್ಮ ತಿರುಗಿ ನೋಡಲಿಲ್ಲ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಕುತ್ತಿಗೆ ಮಾತ್ರ ನಿಧಾನವಾಗಿ ಕೆಂಪಗಾಯಿತು. ಆ ಕೆಂಪನ್ನು ಸೋಲ್ಡರಪ್ಪ ಚೆನ್ನಾಗಿ ಬಲ್ಲ. ಮಧ್ಯಾಹ್ನದಿಂದ ತಾನೂ ಅದನ್ನೇ ಹೊತ್ತು ಕೂತಿದ್ದ.

ಹೊರಗೆ ಕಾರಿನ ಹಾರ್ನ್ ಎರಡು ಸಲ ಕೂಗಿತು. "ಮುಗೀತೇನೇ ನಿಮ್ಮ ತಂತಿ ಪುರಾಣ?" ಎಂಬ ನಗುವಿನ ದನಿ ಕೇಳಿಸಿತು. ಕಾರಿನ ಬಾಗಿಲು ತೆರೆದ ಸದ್ದು, ಜಲ್ಲಿಯ ಮೇಲೆ ಹೆಜ್ಜೆ.

ಇನ್ಸ್‌ಪೆಕ್ಟರಮ್ಮ ಕೇಬಲ್ಲನ್ನು ಸುರುಳಿ ಸುತ್ತಿ ಅಕ್ಕನ ಕೈಗಿಟ್ಟರು.

"ಇದನ್ನ ಸೆರಗಲ್ಲಿ ಮುಚ್ಕೊಂಡು ಒಳಗೆ ಹೋಗಿ," ಎಂದರು. ಆಮೇಲೆ ಸೋಲ್ಡರಪ್ಪನ ಕಡೆ ತಿರುಗಿದರು. "ಸೋಮವಾರದವರೆಗೆ ಅವರು ಏನು ಕೇಳಿದರೂ, ಏನೂ ಗೊತ್ತಾಗಲಿಲ್ಲ ಅನ್ನಿ. ಇನ್ನೊಂದೇ ಒಂದು ಸಲ ಸುಳ್ಳು ಹೇಳಿ, ನನಗೋಸ್ಕರ."